ಚೆಲ್ಲದ ಕಾಫಿ

ದೊಡ್ಡಪ್ಪ ಕೈ ಎತ್ತಿದಾಗ ಭಾವ ಕಾಫಿಯಲ್ಲಿ ಬಿಸ್ಕತ್ತು ಅದ್ದುತ್ತಿದ್ದ. ಎಚ್ಚರಿಕೆಯ ಗಂಟೆ ಕಿವಿಯ ಪಕ್ಕದಲ್ಲೇ ಕಿರುಚಿತು. ಬಿಸ್ಕತ್ತು ಮುರಿದು ಲೋಟದ ತಳ ಸೇರಿತು. ದೊಡ್ಡಪ್ಪ ಎಂದರೆ ಮನುಷ್ಯನಲ್ಲ, ವಿಮಾನವನ್ನು ತಾನೇ ಹಾರಿಸಿಕೊಂಡು ಹೋಗುವ ಆಟೋಪೈಲಟ್. ಮನೆಗೊಬ್ಬ ದೊಡ್ಡಪ್ಪ ಇದ್ದರೆ ಉಳಿದವರು ಕಾಲು ಚಾಚಿಕೊಂಡು ಇರಬಹುದು ಎಂದು ಭಾವನೇ ಇಟ್ಟ ಹೆಸರು. ಎಷ್ಟೋ ವರ್ಷಗಳಿಂದ ವಿಮಾನ ಏರಿಸುವುದು, ಇಳಿಸುವುದು ಮಾತ್ರ ಭಾವನ ಕೆಲಸ. ನಡುವಿನ ಆಕಾಶವೆಲ್ಲ ದೊಡ್ಡಪ್ಪನ ಪಾಲು.

ಅದು ಪುಟ್ಟ ಸರಕು ವಿಮಾನ. ಹಿಂದೆ ಪೆಟ್ಟಿಗೆಗಳ ತುಂಬ ನಿನ್ನೆ ಮೊಟ್ಟೆಯೊಡೆದು ಬಂದ ಕೋಳಿಮರಿಗಳ ಗಲಾಟೆ. ಮುಂದೆ ಎಡಗಡೆಯ ಕುರ್ಚಿಯಲ್ಲಿ ಕ್ಯಾಪ್ಟನ್ ಭಾವ, ಬಲಗಡೆಯಲ್ಲಿ ಸಹಪೈಲಟ್ ಆಗಿ ಅವನ ಹೆಂಡತಿಯ ತಮ್ಮ. ಹೊರಗೆ ಬರೀ ಮೋಡ. ನಾಲ್ಕೂ ಕಡೆ ಬಿಳಿ ಬಟ್ಟೆ ಕಟ್ಟಿದಂತಿತ್ತು, ಮೇಲು ಯಾವುದು, ಕೆಳಗು ಯಾವುದು ಎಂದು ಹೇಳುವಂತಿರಲಿಲ್ಲ.

"ಏನಾಯ್ತು ಭಾವ?"

"ಏನಿಲ್ಲ ಕಣೋ, ದೊಡ್ಡಪ್ಪನಿಗೆ ಸುಸ್ತಾಗಿದೆ. ಎಬ್ಬಿಸ್ತೀನಿ ತಾಳು."

ಲೋಟವನ್ನು ಪಕ್ಕದ ಗೂಡಿನಲ್ಲಿಟ್ಟು ಭಾವ ಗುಂಡಿ ಒತ್ತಿದ. ದೊಡ್ಡಪ್ಪ ಏಳಲಿಲ್ಲ. ಇನ್ನೊಮ್ಮೆ ಒತ್ತಿದ, ಬೈದುಕೊಂಡು ಮತ್ತೂ ಒಮ್ಮೆ ಒತ್ತಿದ. ಒಂದು ಕೈ ವಿಮಾನ ತಿರುಗಿಸುವ ಹಿಡಿಕೆಯ ಮೇಲೆ ಇತ್ತು ನಿಜ, ಆದರೆ ಗಮನವೆಲ್ಲ ಗುಂಡಿಯ ಮೇಲೆ. ಎಡರೆಕ್ಕೆಯ ಟ್ಯಾಂಕಿನಲ್ಲಿ ಬಲಕ್ಕಿಂತ ಹೆಚ್ಚು ಇಂಧನ ಉಳಿದಿತ್ತು. ಆ ಭಾರವನ್ನು ದೊಡ್ಡಪ್ಪ ಇಷ್ಟು ಹೊತ್ತು ತುಟಿಪಿಟಕ್ಕೆನ್ನದೆ ತಡೆದುಕೊಂಡಿದ್ದ. ಈಗ ತಡೆಯುವವರು ಯಾರೂ ಇರಲಿಲ್ಲ.

ತಲೆಯೆತ್ತಿದರೆ ಎದುರಿನ ಪರದೆಯಲ್ಲಿ ದಿಗಂತದ ಗೆರೆ ಓರೆಯಾಗಿ ನಿಂತಿತ್ತು. ವಿಮಾನ ಎಡಕ್ಕೆ ವಾಲಿದೆ ಎಂದು ಅದರ ಅರ್ಥ. ಭಾವನಿಗೆ ನಗು ಬಂತು. ಅವನು ಮನೆಯ ಊಟದ ಮೇಜಿನ ಮುಂದೆ ಕೂತಷ್ಟೇ ನೆಟ್ಟಗೆ ಕೂತಿದ್ದ.

"ಇದೂ ಕೆಡ್ತು ನೋಡು."

"ನನ್ನ ಕಡೆಯದೂ ಹಾಗೇ ತೋರಿಸ್ತಿದೆ ಭಾವ."

"ಹಾಗಾದ್ರೆ ಎರಡೂ ಕೆಟ್ಟಿದೆ. ಕಾಫಿ ನೋಡೋ! ವಾಲಿದ್ರೆ ಚೆಲ್ಬೇಕೋ ಬೇಡ್ವೋ? ಯಂತ್ರ ಸುಳ್ಳು ಹೇಳ್ಬಹುದು, ಕಾಫಿ ಹೇಳುತ್ತಾ?"

ಲೋಟದಲ್ಲಿ ಕಾಫಿ ಒಂಚೂರೂ ಓರೆಯಾಗದೆ ಸಮನಾಗಿ ನಿಂತಿತ್ತು. ಭಾಮೈದ ಕಾಫಿ ನೋಡಿದ, ಪರದೆ ನೋಡಿದ, ನಡುವೆ ಇದ್ದ ಚಿಕ್ಕ ಮಾಪಕವನ್ನೂ ಬಗ್ಗಿ ನೋಡಿದ.

"ಇದೂ ಎಡಕ್ಕೇ ಅಂತಿದೆ. ಮೂರೂ ಒಟ್ಟಿಗೆ ಕೆಡ್ತಾವಾ ಭಾವ? ಎತ್ತರ ಬೇರೆ ಇಳೀತಿದೆ."

ಇಳಿಯುತ್ತಿದ್ದುದು ನಿಜ. ಭಾವ ಹಿಡಿಕೆಯನ್ನು ಎದೆಯ ಕಡೆಗೆ ಎಳೆದ. ಎತ್ತರ ಇನ್ನೂ ಬೇಗ ಇಳಿಯಿತು. ಇನ್ನಷ್ಟು ಎಳೆದ. ಮೈ ಮೇಲೆ ಯಾರೋ ಮೂಟೆ ಹೇರಿದ ಹಾಗೆ ಭಾರವಾಯಿತು, ಕೆನ್ನೆ ಜೋತುಬಿತ್ತು. ಹಿಂದೆ ಕೋಳಿಮರಿಗಳ ಸದ್ದು ಒಮ್ಮೆಲೇ ಅಡಗಿತು. ನೆಟ್ಟಗಿರುವ ವಿಮಾನ ಇಳಿಯುವುದೇಕೆ? ಮೂಗು ಮೇಲೆತ್ತಿದಷ್ಟೂ ಇಳಿಯುವುದೇಕೆ? ಅವನ ತಲೆಗೆ ಏನೂ ಹತ್ತಲಿಲ್ಲ. ಭಯವಾಯಿತು. ದೊಡ್ಡಪ್ಪ ಇದ್ದಿದ್ದರೆ ಎನ್ನಿಸಿತು. ಹಾಗೆ ಎನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

"ಬಿಡಿ ಭಾವ. ನಾನು ಹಿಡೀತೀನಿ, ಕೈ ಬಿಡಿ."

"ನೆಟ್ಟಗಿದ್ದೀವಿ ಕಣೋ! ನಿನಗೆ ಹಾಗನ್ನಿಸ್ತಿಲ್ವಾ?"

"ಅನ್ನಿಸ್ತಿದೆ!" ಭಾಮೈದನ ದನಿಯಲ್ಲಿ ಅಳುವೇ ಬಂದಿತ್ತು. "ನನಗೂ ನೆಟ್ಟಗಿದ್ದೀವಿ ಅಂತಾನೇ ಅನ್ನಿಸ್ತಿದೆ. ಅದಕ್ಕೇ ಹೆದರಿಕೆ. ಬಿಡಿ ಭಾವ, ನಾನು ಅಕ್ಕನಿಗೆ ಮುಖ ತೋರಿಸ್ಬೇಕು."

ಭಾವ ಕೈ ಬಿಟ್ಟ. ಏಕೆ ಬಿಟ್ಟೆನೆಂದು ಅವನಿಗೇ ತಿಳಿಯಲಿಲ್ಲ. ಭಾಮೈದ ಎಳೆತ ಸಡಿಲಿಸಿ, ಪರದೆಯಿಂದ ಕಣ್ಣು ಕೀಳದೆ ತನ್ನ ಕಡೆಯ ಹಿಡಿಕೆಯನ್ನು ಬಲಕ್ಕೆ ತಿರುಗಿಸಿದ. ಓರೆಯಾಗಿದ್ದ ಗೆರೆ ಮೆಲ್ಲಗೆ ಮಲಗತೊಡಗಿತು. ಭಾವನ ಹೊಟ್ಟೆಯೊಳಗೆ ಮಾತ್ರ ಇಡೀ ವಿಮಾನ ಬಲಕ್ಕೆ ಮಗುಚಿಕೊಳ್ಳುತ್ತಿತ್ತು.

"ಮಗುಚ್ತಿದ್ದೀಯ! ಸಾಯಿಸ್ತೀಯ ಕಣೋ ಇಬ್ರನ್ನೂ!"

ಭಾಮೈದ ಅತ್ತ ತಿರುಗಲಿಲ್ಲ. ಭಾವನ ಕೈ ತಾನಾಗಿ ಹಿಡಿಕೆಯ ಕಡೆ ಹೋಯಿತು. ಹೋದ ಕೈಯನ್ನು ಎಳೆದು ತಂದು ತೊಡೆಯ ಕೆಳಗೆ ತುರುಕಿ, ಅದರ ಮೇಲೆ ಭಾರ ಹಾಕಿ ಕೂತ. ಇಡೀ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸವನ್ನು ಅವನು ಮಾಡಿರಲಿಲ್ಲ.

ಭಾಮೈದ ಮೆಲ್ಲನೆ ವಿಮಾನದ ಮೂಗು ಎತ್ತಿದ. ಎತ್ತರ ಇಳಿಯುವುದು ನಿಂತಿತು. ಮೈ ಹಗುರಾಯಿತು. ಹಿಂದೆ ಒಂದು ಮರಿ ಚಿಂವ್ ಎಂದಿತು, ಇನ್ನೊಂದು ಎಂದಿತು, ಆಮೇಲೆ ಎಲ್ಲಕ್ಕೂ ಬಾಯಿ ಬಂತು. ಹೊರಗೆ ಮಾತ್ರ ಇನ್ನೂ ಅದೇ ಬಿಳಿ. ಭಾವನಿಗೆ ವಿಮಾನ ಇನ್ನೂ ಬಲಕ್ಕೆ ವಾಲಿದಂತೆಯೇ ಅನ್ನಿಸುತ್ತಿತ್ತು.

ಭಾವ ಲೋಟದೊಳಗೆ ಇಣುಕಿದ. ಕಾಫಿ ಮೊದಲಿದ್ದ ಹಾಗೇ ಸಮನಾಗಿತ್ತು.

"ಆಗಲೂ ಹೀಗೇ ಇತ್ತಲ್ಲೋ," ಎಂದ.

"ವಿಮಾನ ವಾಲಿಕೊಂಡು ತಿರುಗುವಾಗ ಲೋಟದಲ್ಲಿರೋದೂ ನಮ್ಮ ಜೊತೆಗೇ ವಾಲುತ್ತೆ, ಅದನ್ನ ನಂಬಬೇಡ, ವಾಲಿದಾಗ ಹಿಡಿಕೆ ಎಳೆದ್ರೆ ಸುತ್ತು ಬಿಗಿಯಾಗಿ ಇನ್ನೂ ಬೇಗ ಇಳಿಯುತ್ತೆ ಅಂತ ನನಗೆ ಹೇಳ್ಕೊಟ್ಟಿದ್ದು ನೀವೇ ಭಾವ."

ಹೇಳಿಕೊಟ್ಟಿದ್ದು ಹೌದು. ಯಾವಾಗ ಮರೆತೆ ಎಂಬುದು ನೆನಪಾಗಲಿಲ್ಲ.

ಭಾಮೈದ ಮೊದಲ ಸಲ ಪರದೆಯಿಂದ ಕಣ್ಣು ತೆಗೆದು ಪಕ್ಕಕ್ಕೆ ನೋಡಿದ.

"ಭಾವ, ಸ್ವಲ್ಪ ನೆಟ್ಟಗೆ ಕೂತ್ಕೊಳ್ಳಿ."

"ನೆಟ್ಟಗೇ ಕೂತಿದ್ದೀನಲ್ಲೋ."

ಎಡಗೆನ್ನೆಗೆ ಏನೋ ತಣ್ಣಗೆ ಒತ್ತುತ್ತಿತ್ತು. ಭಾವ ಕಣ್ಣು ಹೊರಳಿಸಿ ನೋಡಿದ. ಕಿಟಕಿಯ ಗಾಜು. ಅದು ಇಷ್ಟು ಹತ್ತಿರಕ್ಕೆ ಯಾವಾಗ ಬಂತು ಎಂದು ಎಷ್ಟು ಯೋಚಿಸಿದರೂ ಅವನಿಗೆ ಬಗೆಹರಿಯಲಿಲ್ಲ.