ಸೊಂಡಿಲಿನ ಗಾಡಿ

"ನಡಮಟ್ಟ ಅದ ನೋಡ್ರಿ, ಅದಕ್ಕಿಂತ ಮ್ಯಾಲಿಲ್ಲ. ಸೆಳವೂ ಇಲ್ಲ, ನಿಂತ ನೀರು" ಎಂದು ಹಳ್ಳದ ನಡುವೆ ನಿಂತ ಹುಲೆಪ್ಪ ಕೂಗಿದ. ದಂಡೆಯ ಮೇಲೆ ಪಿಕಪ್ಪಿನ ಸ್ಟೇರಿಂಗ್ ಹಿಡಿದು ಕುಳಿತಿದ್ದ ಕಲ್ಲಿನಾಥನ ಕೊನೆಯ ನೆಪವೂ ಅಲ್ಲಿಗೆ ಮುಗಿಯಿತು. ಸೆಳವು ಇದ್ದೀತು, ಮೊದಲು ಆಳ ನೋಡಿ ಬನ್ನಿ ಎಂದು ಹುಲೆಪ್ಪನನ್ನೂ ಮುಜೀಬನನ್ನೂ ನೀರಿಗೆ ಇಳಿಸಿದವನು ಅವನೇ.

ಪಕ್ಕದ ಸೀಟಿನಲ್ಲಿ ಮುಜೀಬನ ತಾಯಿ ಪೀರಬಿ ಕುಳಿತಿದ್ದಳು. ಬಾತ ಮುಖ, ಬಾತ ಕಾಲು. ಸೂಜಿ ಚುಚ್ಚಿಸಿಕೊಳ್ಳುವ ಎಡಗೈಗೆ ಬಟ್ಟೆ ಸುತ್ತಿ ಎಳೆಗೂಸಿನಂತೆ ಎದೆಗೆ ಅವಚಿಕೊಂಡಿದ್ದಳು. ವಾರಕ್ಕೆರಡು ಸಲ ಅಫಜಲಪುರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುವ ಜೀವ. ಇವತ್ತು ಅವಳ ಪಾಳಿ. ಸೊನ್ನದ ಬ್ಯಾರೇಜಿನ ಹಿನ್ನೀರು ಒತ್ತಿ ಬಂದು ಹಳ್ಳದ ಸೇತುವೆ ಬೆಳಗಾಗುವುದರೊಳಗೆ ಮುಳುಗಿತ್ತು. ಆಚೆ ದಂಡೆಯಲ್ಲಿ ಆಟೋ ಒಂದು ಕಾಯುತ್ತ ನಿಂತಿತ್ತು; ಈಚೆ ದಂಡೆಯಲ್ಲಿ ಹುಲೆಪ್ಪನ ಟ್ರ್ಯಾಕ್ಟರ್ ಇತ್ತು.

"ನಿನ್ನೆ ಪಾದ ಮುಳುಗೋವಷ್ಟೇ ನೀರಿತ್ತು. ಅಫಜಲಪುರದಾಗಿರೋ ಮಗಳು ಫೋನ್ ಮಾಡಿ, ಈಗೇ ಬಂದುಬಿಡು ಅಮ್ಮಾ ಅಂದ್ಳು. ನಾನೇ ಒಲ್ಲೆ ಅಂದೆ" ಎಂದು ಪೀರಬಿ ತನ್ನಷ್ಟಕ್ಕೇ ನಕ್ಕಳು. "ನಮ್ಮ ಕಲ್ಲಿನಾಥನ ಗಾಡಿ ಅದ, ನನಗೇನು ಚಿಂತಿ ಅಂದೆ."

ನಾಲ್ಕು ತಿಂಗಳ ಹಿಂದೆ ಕಲ್ಲಿನಾಥ ಜೇವರ್ಗಿಯ ಗ್ಯಾರೇಜಿನಿಂದ ಗಾಡಿ ತಂದ ದಿನ ಊರೇ ಸುತ್ತ ನೆರೆದಿತ್ತು. ಎತ್ತರಿಸಿದ ಮೈ, ದಪ್ಪ ಟಯರು, ಮುಂದೆ ಕಬ್ಬಿಣದ ಗಾರ್ಡು, ನೆತ್ತಿಯ ಮೇಲೆ ಸಾಲು ದೀಪ. ಎಲ್ಲಕ್ಕಿಂತ ಮಿಗಿಲಾಗಿ, ಬಾನೆಟ್ಟಿನ ಪಕ್ಕದಿಂದ ಎದ್ದು ನೆತ್ತಿಯತನಕ ಹೋದ ಕರಿ ಕೊಳವೆ. ಇದೇನಪ್ಪ ಆನಿ ಸೊಂಡಿಲು ಎಂದು ಮೊದಲು ಕೇಳಿದವಳು ಪೀರಬಿಯೇ. "ಇಂಜಿನ್ನು ಇದರಾಗಿಂದ ಉಸಿರು ತಗೋತದ ಚಾಚಿ. ಬಾನೆಟ್ಟು ಮುಳುಗಿದ್ರೂ ಗಾಡಿ ನಿಂದ್ರಂಗಿಲ್ಲ" ಎಂದು ಅವನು ಎದೆ ಉಬ್ಬಿಸಿ ಹೇಳಿದ್ದ. ಆವತ್ತಿನಿಂದ ಕಟ್ಟೆಯ ಮೇಲೆ ಕೂತಾಗಲೆಲ್ಲ ಅದೇ ಮಾತು.

ಗ್ಯಾರೇಜಿನ ಲಾಲಸಾಬ ಆಡಿದ ಮಾತನ್ನು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ. ಕೈಯಲ್ಲಿ ಡ್ರಿಲ್ ಹಿಡಿದು ಲಾಲಸಾಬ, "ಇಲ್ಲಿ ಗಾಡಿ ಮೈಗೆ ತೂತು ಹೊಡದು ಒಳಗಿನ ಪೈಪಿಗೆ ಜೋಡಸಬೇಕ್ರಿ" ಎಂದಿದ್ದ. ಹೊಸ ಗಾಡಿಯ ಹೊಳೆಯುವ ಬಣ್ಣ ನೋಡಿ ಕಲ್ಲಿನಾಥನ ಜೀವ ಒಪ್ಪಲಿಲ್ಲ. "ತೂತು ಬ್ಯಾಡ ಮಾರಾಯಾ. ಮ್ಯಾಲ ಅಂಟಿಸಿಬಿಡು, ಕಂಡರ ಸಾಕು." ಲಾಲಸಾಬ ಡ್ರಿಲ್ ಕೆಳಗಿಟ್ಟು ನಕ್ಕಿದ್ದ. "ಅಂಟಸ್ತೇನಿ. ಆದ್ರ ನೀರಿಗೆ ಇಳಸಬ್ಯಾಡ್ರಿ ಮತ್ತ."

ಹುಲೆಪ್ಪ, ಮುಜೀಬ ಇಬ್ಬರೂ ನೀರು ಸೀಳುತ್ತ ಹಿಂದಿರುಗುತ್ತಿದ್ದರು. ಗಾಡಿ ನುಗ್ಗಿದರೆ ಅಲೆ ಬಾನೆಟ್ಟು ಏರುತ್ತದೆ, ಇಂಜಿನ್ನು ನೀರು ಕುಡಿದು ನಡುಹಳ್ಳದಲ್ಲೇ ಸಾಯುತ್ತದೆ. ಅವರು ದಂಡೆ ಮುಟ್ಟುವುದರೊಳಗೆ ಹೇಳಬೇಕು.

"ಚಾಚಿ" ಎಂದ. "ಆ ಸೊಂಡಿಲು... ಅದು ಒಳಗ ಜೋಡಿಸಿಲ್ಲ. ಬರೇ ಅಂಟಿಸಿದ್ದು."

ಪೀರಬಿ ಅವನ ಕಿಟಕಿಯಾಚೆಯ ಕೊಳವೆಯನ್ನು ಒಮ್ಮೆ ನೋಡಿದಳು, ಅವನನ್ನೊಮ್ಮೆ ನೋಡಿದಳು. "ಆನಿ ತಂದೇನಿ ಅಂತ ಹೇಳಿ ಸೊಂಡಿಲು ಅಷ್ಟೇ ತಂದಿಯೇನೋ" ಎಂದಳು, ಮೆಲ್ಲಗೆ. ಆಮೇಲೆ ದಂಡೆಯ ಮೇಲೆ ನೆರೆದ ಹತ್ತು ಹನ್ನೆರಡು ಮಂದಿಯ ಕಡೆ ನೋಡಿ ಬಾಗಿಲ ಹಿಡಿಕೆಗೆ ಕೈ ಹಾಕಿದಳು.

"ಮುಜೀಬಾ, ಇಳಸೋ ನನ್ನ. ಈ ಎತ್ತರದ ಗಾಡಿ ನನಗಾಗೂದಿಲ್ಲ, ತೆಲಿ ತಿರಗತದ. ಹುಲೆಪ್ಪನ ಟ್ರ್ಯಾಕ್ಟರ್ ಮ್ಯಾಲ ಹೋಗ್ತೇನಿ."

ಆಗಷ್ಟೇ ದಂಡೆ ಏರಿ ಬಂದ, ಸೊಂಟದತನಕ ತೊಯ್ದ ಮುಜೀಬ ಕೆಂಡವಾದ. "ನಿಂದೊಂದು ಹಠ ಅಮ್ಮಾ. ಟ್ರ್ಯಾಕ್ಟರ್ ಮ್ಯಾಲ ಎಲ್ಲಿ ಕುಂಡ್ರತಿ, ಮಡ್‌ಗಾರ್ಡ್ ಮ್ಯಾಲ? ಕೈ ತೊಯ್ಸಬಾರದು ಅಂತ ಡಾಕ್ಟರ್ ಹೇಳ್ಯಾರ. ಪಾಪ ಆ ಅಣ್ಣ ತನ್ನ ಕೆಲಸ ಬಿಟ್ಟು ಬಂದು ಕುಂತಾನ, ಅವನ ಮಾರಿನಾದ್ರೂ ನೋಡು."

"ನೋಡೇನಿ. ನೀ ಇಳಸು."

ಮುದುಕಿಗೆ ಅರಳುಮರಳು ಎಂದು ಗುಂಪಿನಲ್ಲಿ ಯಾರೋ ನಕ್ಕರು. ಮುಜೀಬ ತಾಯಿಯನ್ನು ಎತ್ತಿ ಇಳಿಸಿ, ಕಲ್ಲಿನಾಥನ ಕಡೆ ತಿರುಗಿ ಕೈ ಮುಗಿದ. "ತಪ್ಪು ತಿಳೀಬ್ಯಾಡ್ರಿ ಅಣ್ಣಾ. ಜಡ್ಡಿನ ಮನಷ್ಯಾಳು, ತಿಳಿಯೂದಿಲ್ಲ ಆಕಿಗೆ."

ಕಲ್ಲಿನಾಥ ಬಾಯಿ ತೆರೆದ. ಒಂದು ಮಾತು ಸಾಕಿತ್ತು. "ಇರಲಿ ಬಿಡು ತಮ್ಮಾ" ಎಂಬ ಮಾತು ಬಂತು.

ಹುಲೆಪ್ಪನ ಹಳೆಯ ಟ್ರ್ಯಾಕ್ಟರ್ ಹೊಗೆ ಕಾರುತ್ತ ನೀರಿಗೆ ಇಳಿಯಿತು. ಮಡ್‌ಗಾರ್ಡಿನ ಮೇಲೆ ಕುಳಿತ ಪೀರಬಿಯನ್ನು ಮುಜೀಬ ಹಿಂದಿನಿಂದ ತಬ್ಬಿ ಹಿಡಿದಿದ್ದ. ಬಾತ ಕಾಲುಗಳು ಕೆಂಪು ನೀರಿನಲ್ಲಿ ಮುಳುಗಿದವು. ಹನಿ ಸಿಡಿದೀತೆಂದು ಅವಳು ಎಡಗೈಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಳು. ಆಚೆ ದಂಡೆ ಏರುವತನಕ ಇಳಿಸಲಿಲ್ಲ.

"ಏ ಕಲ್ಲಿನಾಥಾ, ನೋಡಲ್ಲಿ" ಎಂದಳು ಗುಂಪಿನಿಂದ ಬಂದು ಗಾಡಿಯ ಪಕ್ಕದಲ್ಲಿ ನಿಂತ ಹಣಮವ್ವ. "ಮುದುಕಿ ನಿನಗ ಕೈ ಮಾಡಾಕತ್ತಾಳ."

ಅವನು ತಿರುಗಿ ಕೈ ಮಾಡಲಿಲ್ಲ. ಕಿಟಕಿಯಿಂದ ಹೊರಚಾಚಿದ ಅವನ ಬೆರಳು ಕೊಳವೆಯ ಹಿಂದಿನ ಸಂದಿಯಲ್ಲಿ ಆಡುತ್ತಿತ್ತು. ಅಲ್ಲಿ ಬಣ್ಣ ಒಂದು ಗೆರೆಯೂ ಬೀಳದೆ ಕನ್ನಡಿಯಷ್ಟು ನುಣುಪಾಗಿತ್ತು.