ಏಳಿಂಚು ಜಾಗ

ಬಾಗಿಲು ತಳ್ಳಿದ್ದೇ ತಡ, ಕಾದ ರಾಳದ ವಾಸನೆ. ಯಾಮಿನಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ಮೈಸೂರಿನಲ್ಲಿ ಅಪ್ಪನ ರೇಡಿಯೊ ರಿಪೇರಿ ಅಂಗಡಿ, ಬೆಸುಗೆ ಹಾಕುವಾಗ ಏಳುತ್ತಿದ್ದ ಬಿಳಿ ಹೊಗೆ, ಸ್ಟೂಲಿನ ಮೇಲೆ ಕಾಲಾಡಿಸುತ್ತ ಕೂತ ಏಳು ವರ್ಷದ ತಾನು. ಇಲ್ಲಿ, ಅಮೆರಿಕದ ಷಾರ್ಲೆಟ್ ಹೊರವಲಯದ ಲಾರಿ ಸಾಮಾನಿನ ಅಂಗಡಿಯಲ್ಲಿ, ಮೂಲೆಯ ಮೇಜಿನ ಮುಂದೆ ಒಬ್ಬ ಮುದುಕ ತಂತಿಗೆ ಬೆಸುಗೆ ಹಾಕುತ್ತಿದ್ದ.

ಬೇರೆ ದಿನವಾಗಿದ್ದರೆ ಕಣ್ಣು ತುಂಬುತ್ತಿತ್ತೇನೋ. ಈಗ ಏನೂ ಆಗಲಿಲ್ಲ. ಮಾವ ತ್ಯಾಗರಾಜರು ಹೋಗಿ ಇವತ್ತಿಗೆ ಹದಿಮೂರನೆಯ ದಿನ. ಅಂದಿನಿಂದ ಆ ಮನೆಯಲ್ಲಿ ಯಾರಿಗೂ ಏನೂ ಆಗುತ್ತಿರಲಿಲ್ಲ.

ಅಟ್ಲಾಂಟಾದಿಂದ ಒಬ್ಬರೇ ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ಬೆಳಗಿನ ಮಂಜು. ಮುಂದೆ ಗಾಡಿಗಳು ನಿಂತಿದ್ದವು, ಅವರೂ ನಿಲ್ಲಿಸಿದರು. ಹಿಂದಿನವನು ನಿಲ್ಲಿಸಲಿಲ್ಲ. ಅವನ ಹೆಸರು ಕರ್ಟಿಸ್ ಎಂದು ಪೊಲೀಸರ ವರದಿಯಲ್ಲಿತ್ತು. ಗಂಡ ಯಶವಂತ ಆ ಹಾಳೆಯನ್ನು ಮಗುಚಿ ಡ್ರಾಯರಿಗೆ ಹಾಕಿದ್ದ. ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತಕೂಡದು ಎಂದಿದ್ದ. ಮನೆಗೆ ಬಂದ ಪೊಲೀಸ್ ಅಧಿಕಾರಿ ಇನ್ನೊಂದು ಮಾತು ಹೇಳಿದ್ದ. ಲಾರಿಯವರು ದಾರಿಯಲ್ಲಿ ಮಾತಾಡಿಕೊಳ್ಳುವ ಸಿಬಿ ರೇಡಿಯೊ ಇದ್ದವರು ಒಬ್ಬರಿಗೊಬ್ಬರು ಹೇಳಿಕೊಂಡು ನಿಧಾನ ಮಾಡಿದರು, ಇಲ್ಲದವರಿಗೆ ಗೊತ್ತಾಗಲಿಲ್ಲ.

"ಒಂದು ಡಬ್ಬಿ ಇದ್ದಿದ್ರೆ ಸಾಕಿತ್ತು," ಎಂದಿದ್ದರು ಅತ್ತೆ ಮೈಥಿಲಿ.

ಇವತ್ತು ಬೆಳಿಗ್ಗೆ ಶಾಸ್ತ್ರಿಗಳಾದ ಹರಿಪ್ರಸಾದರು ಹೋದವರ ದಾರಿಗೆಂದು ಛತ್ರಿ, ಚಪ್ಪಲಿಗಳ ದಾನ ತೆಗೆದುಕೊಂಡಿದ್ದರು. ಸ್ನೇಹಿತರು ಅಡುಗೆಗೆ ನಿಂತಿದ್ದರು. ಅತ್ತೆ ಸೆರಗು ಸರಿಮಾಡಿಕೊಂಡು ಬಂದು, "ಯಾಮಿನಿ, ಕಾರ್ ತೆಗಿ. ದಾರಿಗೆ ಬೇಕಾದ್ದು ಇನ್ನೊಂದಿದೆ," ಎಂದಿದ್ದರು.

ಈಗ ಅಂಗಡಿಯ ಕಪಾಟಿನ ಮುಂದೆ ನಿಂತು ಹೇಳಿದರು: "ನಿಂಗೆ ಇದೆಲ್ಲ ಗೊತ್ತಲ್ಲ, ನೀನೇ ಆರಿಸು. ಚಿಕ್ಕದಿರ್ಲಿ. ದುಬಾರಿ ಬೇಡ. ದುಬಾರಿದು ಕೊಟ್ರೆ ತಗೊಳಲ್ಲ."

"ಯಶವಂತ್ ಯಾವ್ದು ಕೊಟ್ರೂ ಯೂಸ್ ಮಾಡಲ್ಲ ಅತ್ತೆ. ಎಲ್ಲ ಫೋನಲ್ಲೇ ಬರತ್ತೆ ಅಂತಾರೆ."

"ಫೋನು ಅವತ್ತು ಎಲ್ಲರ ಹತ್ರನೂ ಇತ್ತಮ್ಮ."

ಯಾಮಿನಿ ಕಪಾಟಿನತ್ತ ತಿರುಗಿದಳು. ಊಟ ಮುಗಿಸಿ ಯಶವಂತ ವರ್ಜೀನಿಯಾದ ಸ್ಟರ್ಲಿಂಗಿಗೆ ಹೊರಡುವವನಿದ್ದ, ಸೋಮವಾರ ಆಫೀಸು. ತಾಯಿಗೆ ಭಯವಿರದೆ ಇರುತ್ತದೆಯೇ?

ಕ್ರೋಮ್ ಹೊಳಪಿನ ದೊಡ್ಡದೊಂದು, ಬಣ್ಣಬಣ್ಣದ ದೀಪದ್ದೊಂದು, ಅಂಗೈಯಗಲದ ಕಪ್ಪು ಡಬ್ಬಿಯೊಂದು. ಅತ್ತೆ ಚೀಲದಿಂದ ಒಂದು ಲಕೋಟೆ ತೆಗೆದರು. ಸಂತಾಪ ಹೇಳಿ ಬಂದ ಕಾರ್ಡುಗಳಲ್ಲಿ ಒಂದು. ಸ್ಟಾಂಪೂ ಇಲ್ಲ, ಕಳಿಸಿದವರ ಹೆಸರೂ ಇಲ್ಲ, ಒಂದು ಫೋನ್ ನಂಬರು ಮಾತ್ರ. ಅದರ ಬೆನ್ನ ಮೇಲೆ ಅತ್ತೆಯ ಗುಂಡನೆಯ ಅಕ್ಷರದಲ್ಲಿ ಅಳತೆ.

"ಏಳಿಂಚು ಜಾಗ ಇದೆಯಂತೆ."

ಯಾಮಿನಿ ಕಪ್ಪು ಡಬ್ಬಿ ಎತ್ತಿಕೊಂಡಳು. ನಾಲ್ಕೇ ಗುಂಡಿ, ಹವಾಮಾನದ ಎಚ್ಚರಿಕೆಯೂ ಬರುತ್ತದೆ, ಬೆಲೆಯೂ ಉಳಿದವುಗಳ ಅರ್ಧ. "ಡಬ್ಬಿಗೆ ಮರುಳಾಗ್ಬೇಡ, ಆಂಟೆನಾ ನೋಡು ಅಂತಿದ್ರು ನಮ್ಮಪ್ಪ. ಈ ಮ್ಯಾಗ್ನೆಟ್ಟಿಂದು ತಗೊಳ್ಳೋಣ. ಕಾರ್ ಮೇಲೆ ಇಟ್ರೆ ಅಂಟ್ಕೊಳತ್ತೆ."

"ಕಬ್ಬಿಣ ಅಲ್ದಿದ್ರೆ?"

"ಕಾರಿನ ಟಾಪು ಕಬ್ಬಿಣನೇ ಅಲ್ವಾ ಅತ್ತೆ?"

"ಬೇಡ. ಕನ್ನಡಿ ಕಂಬಿಗೆ ಬಿಗಿಯೋದು ಇದೆಯಲ್ಲ, ಅದು ಕೊಡ್ಲಿ."

ಯಾಕೆ ಎಂದು ಕೇಳುವಷ್ಟೂ ಚೈತನ್ಯವಿರಲಿಲ್ಲ. ಯಾಮಿನಿ ಅದನ್ನೇ ತೆಗೆದುಕೊಂಡಳು.

ಮುದುಕ ಬೆಸುಗೆ ಬದಿಗಿಟ್ಟು, ಕೇಳದೆಯೇ ಅತ್ತೆಗೆ ತನ್ನ ಕುರ್ಚಿ ಎಳೆದುಕೊಟ್ಟ. ಯಾಮಿನಿ ತಂತಿ ಹಿಡಿದ ರೀತಿ ನೋಡಿ, ಇಲ್ಲಿ ಕೆಲಸಕ್ಕೆ ಬರುತ್ತೀಯೇನಮ್ಮ, ಸಂಬಳ ಕಡಿಮೆ, ಕಾಫಿ ಅದಕ್ಕಿಂತ ಕೆಟ್ಟದ್ದು ಎಂದ. ಬ್ಯಾಟರಿಗೆ ತಗುಲಿಸಿ, ಲಾರಿಯವರ ಹತ್ತೊಂಬತ್ತನೆಯ ಚಾನೆಲ್ಲಿಗೆ ತಿರುಗಿಸಿದ. ಗರಗರ ಸದ್ದು. ಅದರೊಳಗಿಂದ ಯಾರದೋ ದಣಿದ ದನಿ: ನಿಧಾನವಾಗಿ ಬನ್ನಿ, ಮುಂದೆ ಗಾಡಿಗಳು ನಿಂತಿವೆ.

ಅಷ್ಟೇ. ಉಸಿರೆಳೆದು ಬಿಡುವಷ್ಟು ಹೊತ್ತು.

ಅತ್ತೆ ಕಣ್ಣು ಮುಚ್ಚಿ ಕೇಳಿದರು. ಮತ್ತೊಮ್ಮೆ ಬರುತ್ತದೇನೋ ಎಂದು ಕಾದರು. ಆಮೇಲೆ ಎದ್ದರು. "ನಡಿ. ಒಂದು ಗಂಟೆಗೆ ಹೊರಡ್ತಾನೆ, ಅಷ್ಟರೊಳಗೆ ಕೈಗೆ ಸೇರ್ಬೇಕು. ಇದಿಲ್ದೆ ಅವನು ಮತ್ತೆ ಆ ರೋಡಿಗೆ ಇಳೀಬಾರದು."

ಬ್ಯಾಲಂಟೈನ್ ಬಡಾವಣೆಯ ಮನೆಗೆ ಬಂದಾಗ ಹನ್ನೆರಡೂ ಮುಕ್ಕಾಲು. ಯಶವಂತನ ಕಾರು ಡ್ರೈವ್‌ವೇಯಲ್ಲಿತ್ತು, ಬ್ಯಾಗು ಹಿಂದಿನ ಸೀಟಿನಲ್ಲಿ. ಅತ್ತೆ ಒಳಗೆ ಹೋಗಿ, ವಡೆ, ಪಾಯಸ, ಅನ್ನ, ಹುಳಿ ತುಂಬಿದ ಡಬ್ಬಿಯೊಂದನ್ನು ತಂದು ಯಾಮಿನಿಯ ಕೈಗಿತ್ತರು. ಇನ್ನೂ ಬಿಸಿಯಿತ್ತು. ರೇಡಿಯೊ ತಾವೇ ಹಿಡಿದಿದ್ದರು.

ಯಾಮಿನಿ ಗಂಡನ ಕಾರಿನ ಬಾಗಿಲಿಗೆ ಕೈಹಾಕಿದಳು. "ಈಗಲೇ ಕೂರಿಸ್ಲಾ ಅತ್ತೆ? ಐದು ನಿಮಿಷ ಸಾಕು."

ತಿರುಗಿ ನೋಡಿದಳು. ಅತ್ತೆ ಕಾರನ್ನು ದಾಟಿ, ರಸ್ತೆಯ ತುದಿಯತ್ತ ನಡೆಯುತ್ತಿದ್ದರು. ಅಲ್ಲೊಂದು ಸಣ್ಣ ಲಾರಿ ನಿಂತಿತ್ತು. ಹಳೆಯ ಅಲ್ಯೂಮಿನಿಯಂ ಮೈಗೆ ಹೊಸ ಬಂಪರು, ಇನ್ನೂ ಬಣ್ಣ ಹಚ್ಚಿರಲಿಲ್ಲ. ಪಕ್ಕದಲ್ಲಿ ನಲವತ್ತರ ಆಸುಪಾಸಿನ ಒಬ್ಬ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಮನೆಯ ಕಡೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಯಾಮಿನಿ ಅತ್ತೆಯ ಹಿಂದೆ ಓಡಿದಳು.

ಅತ್ತೆ ರೇಡಿಯೊವನ್ನು ಅವನ ಕೈಯಲ್ಲಿಟ್ಟರು. ನಿಧಾನವಾದ ಇಂಗ್ಲಿಷಿನಲ್ಲಿ, ನೀನು ಫೋನಿನಲ್ಲಿ ಹೇಳಿದ ಏಳಿಂಚಿಗೆ ಸರಿಹೋಗುತ್ತದೆ, ಯಾವಾಗಲೂ ಹಾಕಿಕೊಂಡೇ ಇರು ಎಂದರು.

ಅವನು ಟೋಪಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ರೇಡಿಯೊವನ್ನು ಎದೆಗವಚಿ ಹಿಡಿದ.

ಯಾಮಿನಿ ಹಿಂತಿರುಗಿ ನೋಡಿದಳು. ಯಶವಂತ ಹೊಸ್ತಿಲಲ್ಲಿ ನಿಂತಿದ್ದ. ಬರಲೂ ಇಲ್ಲ, ತಡೆಯಲೂ ಇಲ್ಲ.

"ಡಬ್ಬಿ ಕೊಡಮ್ಮ," ಎಂದರು ಅತ್ತೆ. "ಇವತ್ತು ನಮ್ಮನೆ ಮುಂದೆ ಬಂದೋರು ಹಸ್ಕೊಂಡು ಹೋಗ್ಬಾರ್ದು. ಕರ್ಟಿಸ್ ಕೂಡ."

ಯಾಮಿನಿ ಮುಚ್ಚಳ ಒತ್ತಿ ಭದ್ರಮಾಡಿದಳು. ಆಮೇಲೆ ಬಿಸಿ ಡಬ್ಬಿಯನ್ನು ಅವನ ಕೈಗೆ ದಾಟಿಸಿದಳು.