ಐದು ನಿಮಿಷದ ಬಾಗಿಲು

ಛತ್ರದ ಊಟದ ಮನೆಯ ಬಾಗಿಲಲ್ಲಿ ಮದುಮಗಳ ತಂದೆಯೇ ಕೈ ಅಡ್ಡ ಹಿಡಿದು ನಿಂತಿದ್ದರು.

"ಹಸಿದು ಬಂದೋರನ್ನ ಹಿಂಗೆ ತಡೀತಾರೇನ್ರೀ? ಇದೇನು ಮದುವೆ ಮನೆನೋ, ಜೈಲೋ?" ಎಂದು ಗುಂಪಿನ ಮುಂದಿದ್ದ ಗಿರಿಯಪ್ಪ ರೇಗಿದ.

"ಎಲೆ ಹಾಕ್ತಿದ್ದಾರೆ, ಯಜಮಾನ್ರೇ. ಪುರೋಹಿತರು ಕರೀತಿದ್ದಾರೆ, ನಾನು ಬರೋವರೆಗೂ ಐದು ನಿಮಿಷ ನೀವೇ ಬಾಗಿಲು ನೋಡ್ಕೊಳ್ಳಿ," ಎಂದು ಅವರು ಹೋದರು.

ಗಿರಿಯಪ್ಪ ಹೊಸ್ತಿಲ ಮೇಲೆ ನಿಂತು ಪಂಚೆ ಬಿಗಿದುಕೊಂಡ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಗೊಣಗಿದವರನ್ನು ಹಿಂದಕ್ಕೆ ಕಳಿಸಿದ. ಹಾಗೆ ಹೋದವರಲ್ಲಿ ಅವನ ಹೆಂಡತಿಯೂ ಇದ್ದಳು. ಎಲೆ ಹಾಕಿ ಮುಗಿದರೂ ಬಾಗಿಲು ಬಿಡಲಿಲ್ಲ.

ಮದುಮಗಳ ತಂದೆ ಓಡಿ ಬಂದು, "ಜಾಗ ಬಿಡಿ, ಬಡಿಸಬೇಕು," ಎಂದರು.

ಗಿರಿಯಪ್ಪ ಕೈ ಅಡ್ಡ ಹಿಡಿದ. "ನೀವು ಹೆಣ್ಣಿನ ಕಡೆಯೋರೋ, ಗಂಡಿನ ಕಡೆಯೋರೋ? ಯಾರೇ ಆಗ್ಲಿ, ಸಾಲಲ್ಲಿ ಬನ್ನಿ."